ಹತ್ತು ವರ್ಷ ಸುಮ್ನಿದ್ದು, ಕೇಳಿದ ಕ್ಷಣ ಕೊಡಬೇಕಾದ ಸೆಲ್

ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಲಿಥಿಯಂ ಸಿಕ್ಕಿದೆ ಅಂತ 2020ರಲ್ಲಿ ಸುದ್ದಿಯಾದಾಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಎಲೆಕ್ಟ್ರಿಕ್ ಕಾರಿನದ್ದೇ ಮಾತು. ಮೊದಲು 14,100 ಟನ್ ಅಂದರು. ಆಮೇಲೆ ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ 1,600 ಟನ್‌ಗೆ ಇಳಿಯಿತು. ಒಂದು ಸಾಧಾರಣ ಎಲೆಕ್ಟ್ರಿಕ್ ಕಾರಿಗೆ ಏಳೆಂಟು ಕೆ.ಜಿ. ಲಿಥಿಯಂ ಅಂತ ಹಿಡಿಯಿರಿ. ಬಂಡೆಯೊಳಗೆ ಇರುವುದನ್ನೆಲ್ಲ ಚೂರೂ ಬಿಡದೆ ತೆಗೆದರೂ ಎರಡು ಲಕ್ಷ ಕಾರು, ಅದರ ಮೇಲೆ ಸ್ವಲ್ಪ. ಬೆಂಗಳೂರು–ಮೈಸೂರು ಹೈವೇಯನ್ನು ತುಂಬಿಸಬಹುದು, ದೇಶವನ್ನಲ್ಲ.

ಅದೇ ಲಿಥಿಯಂ ಅನ್ನು ಕಾರಿನ ಕೀ ಒಳಗಿರುವ ಬಟನ್ ಸೆಲ್‌ಗೆ ಹಾಕಿ ಲೆಕ್ಕ ಮಾಡಿ. ಒಂದು ಸೆಲ್‌ಗೆ ಬೇಕಾಗುವುದು ಸುಮಾರು 0.07 ಗ್ರಾಂ. 1,600 ಟನ್‌ನಲ್ಲಿ ಎರಡು ಸಾವಿರ ಕೋಟಿಗೂ ಜಾಸ್ತಿ ಸೆಲ್ ಆಗುತ್ತವೆ. ದೇಶದ ಪ್ರತಿಯೊಬ್ಬರಿಗೂ ತಲಾ ಹದಿನೈದು ಕೊಟ್ಟು ಇನ್ನೂ ಮಿಗುತ್ತವೆ.

ಅಂದರೆ ಒಂದೇ ಸಲ ಬಳಸಿ ಬಿಸಾಡುವ ಈ ಬ್ಯಾಟರಿಗಳಲ್ಲಿ ಲಿಥಿಯಂ ಎಷ್ಟಿದೆ ಅನ್ನುವುದು ದೊಡ್ಡ ತಲೆನೋವೇ ಅಲ್ಲ. ತಲೆನೋವು ಬೇರೆ ಕಡೆ ಇದೆ. ಈ ಸೆಲ್ ವರ್ಷಗಟ್ಟಲೆ ಏನೂ ಮಾಡದೆ ಕೂತಿರಬೇಕು. ಒಳಗಿನ ಚಾರ್ಜ್ ಸೋರಿ ಹೋಗಬಾರದು. ಆದರೆ ಬಟನ್ ಒತ್ತಿದ ಆ ಕ್ಷಣದಲ್ಲಿ ಜೋರಾಗಿ ಕರೆಂಟ್ ಕೊಡಬೇಕು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಕಳೆದ ಐವತ್ತು ವರ್ಷದಲ್ಲಿ ಈ ಬ್ಯಾಟರಿಗಳಲ್ಲಿ ಆದ ಸುಧಾರಣೆಯ ಬಹುಪಾಲು ಈ ಅಡಕತ್ತರಿಯಿಂದ ಹೊರಬರುವ ಪ್ರಯತ್ನವೇ.

ಇವು ಎಲ್ಲೆಲ್ಲಿ ಇವೆ ಅಂತ ಹುಡುಕಿಕೊಂಡು ಹೋಗಬೇಕಿಲ್ಲ. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಒಂದಿದೆ. ಕರೆಂಟ್ ಹೋದರೂ ಮನೆ ಮುಂದಿನ ಡಿಜಿಟಲ್ ಮೀಟರಿನ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದು ಸಾಮಾನ್ಯವಾಗಿ ಇಂಥದ್ದೇ ಒಂದು ಸೆಲ್. ಜಯದೇವ ಆಸ್ಪತ್ರೆಯಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದವರ ಮೈಯೊಳಗೂ ಇದೆ. 1990ರಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅವುಗಳ ಜಾಡು ಹಿಡಿದರಲ್ಲ, ಅಂಥ ಕಾಲರ್‌ಗಳಿಗೂ ಈ ಜಾತಿಯ ಸೆಲ್‌ಗಳೇ ಹೊಂದುವುದು. ಹುಲಿಯನ್ನು ತಿಂಗಳಿಗೊಮ್ಮೆ ಕರೆದು ಚಾರ್ಜಿಗೆ ಹಾಕಲು ಆಗುತ್ತಾ?

ರೀಚಾರ್ಜ್ ಆಗುವುದನ್ನೇ ಹಾಕಬಹುದಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಎರಡು ಅಂಕಿಯಲ್ಲಿದೆ. ಅಂಗಡಿಯಲ್ಲಿ ಸಿಗುವ ಸಿಆರ್2032 ಸೆಲ್ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಅದರ ಹೆಸರಿನಲ್ಲಿರುವ ಅಂಕಿ ಇವೇ. ಅದು ಸುಮಾರು 225 ಎಂಎಎಚ್ (ಮಿಲಿಆಂಪಿಯರ್-ಅವರ್, ಅಂದರೆ ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ) ಕೊಡುತ್ತದೆ. ಅದೇ ಅಳತೆಯ ರೀಚಾರ್ಜ್ ಸೆಲ್ ಎಲ್‌ಐಆರ್2032 ಕೊಡುವುದು ಹೆಚ್ಚೂಕಡಿಮೆ 40.

ಯಾಕೆ ಇಷ್ಟು ಅಂತರ? ರೀಚಾರ್ಜ್ ಸೆಲ್‌ನ ಮೈನಸ್ ಕಡೆ ಇರುವುದು ಗ್ರಾಫೈಟ್. ಲಿಥಿಯಂ ಅದರ ಪದರಗಳ ನಡುವೆ ಬಂದು ಕೂತು ಹೋಗುತ್ತದೆ. ಒಂದು ಲಿಥಿಯಂ ಪರಮಾಣುವಿಗೆ ಜಾಗ ಕೊಡಲು ಆರು ಇಂಗಾಲದ ಪರಮಾಣು ಬೇಕು. ಒಂದೇ ಸಲದ ಸೆಲ್‌ನಲ್ಲಿ ಆ ಬಾಡಿಗೆ ಮನೆಯ ಖರ್ಚೇ ಇಲ್ಲ. ಅಲ್ಲಿರುವುದು ನೇರವಾಗಿ ಲಿಥಿಯಂ ಲೋಹದ ತಗಡು. ಲೋಹಗಳಲ್ಲೆಲ್ಲ ಹಗುರ ಇದು. ಒಂದು ಘನ ಸೆಂಟಿಮೀಟರ್ ತೂಗಿದರೆ 0.53 ಗ್ರಾಂ. ನೀರಿನ ಮೇಲೆ ತೇಲುತ್ತದೆ, ಆದರೆ ನೀರಿನ ಜೊತೆ ಜಗಳವಾಡುತ್ತಾ ತೇಲುತ್ತದೆ. ಒಂದು ಗ್ರಾಂ ಲಿಥಿಯಂ 3,860 ಎಂಎಎಚ್ ಚಾರ್ಜ್ ಕೊಡಬಲ್ಲದು. ಎಲೆಕ್ಟ್ರಾನ್ ಬಿಟ್ಟುಕೊಡುವ ಅವಸರ ಇದಕ್ಕೆ ಎಷ್ಟಿದೆ ಅಂದರೆ ಸೆಲ್‌ನ ವೋಲ್ಟೇಜ್ ಸುಲಭವಾಗಿ ಮೂರನ್ನು ಮುಟ್ಟುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸಾಮಾನ್ಯ ಸೆಲ್ ಒಂದೂವರೆ ವೋಲ್ಟಿಗೇ ನಿಲ್ಲುತ್ತದೆ.

ಈ ಲೋಹದ ತಗಡನ್ನು ವಾಪಸ್ ಚಾರ್ಜ್ ಮಾಡಲು ಹೋದರೆ ಲಿಥಿಯಂ ಸಮವಾಗಿ ಕೂರುವುದಿಲ್ಲ. ಸೂಜಿಯಂಥ ಮುಳ್ಳುಗಳಾಗಿ ಬೆಳೆಯುತ್ತದೆ. ಪ್ಲಸ್ ಮೈನಸ್ ಒಂದಕ್ಕೊಂದು ತಾಗದಂತೆ ನಡುವೆ ಇಟ್ಟ ಹಾಳೆಯನ್ನು ಮುಳ್ಳು ಚುಚ್ಚಿ ಆಚೆ ತಲುಪಿದರೆ ಒಳಗೇ ಶಾರ್ಟ್, ಆಮೇಲೆ ಬೆಂಕಿ. ಆದ್ದರಿಂದ ಸಿಆರ್ ಅಂತ ಬರೆದಿರುವ ಸೆಲ್ ಅನ್ನು ಯಾವ ಚಾರ್ಜರ್‌ಗೂ ಹಾಕಬೇಡಿ. ಇಂಟರ್ನೆಟ್‌ನಲ್ಲಿ ಯಾರು ಏನೇ ತೋರಿಸಲಿ.

ಸೋರಿಕೆಯ ಲೆಕ್ಕ

ಹತ್ತು ವರ್ಷ ಅಂದರೆ 87,600 ಗಂಟೆ. 225 ಎಂಎಎಚ್ ಅನ್ನು ಅಷ್ಟು ಗಂಟೆಗೆ ಹಂಚಿದರೆ ಸಿಗುವುದು ಸುಮಾರು 2.5 ಮೈಕ್ರೊಆಂಪಿಯರ್. ಒಂದು ಸಣ್ಣ ಎಲ್‌ಇಡಿ ಬೆಳಗಲು ಬೇಕಾದ ಕರೆಂಟಿನ ಸಾವಿರದ ಒಂದು ಪಾಲಿನ ಆಸುಪಾಸು. ಇಷ್ಟು ಬಿಗಿಯಾದ ಬಜೆಟ್‌ನಲ್ಲಿ ಸೆಲ್ ತಾನೇ ಒಳಗೊಳಗೆ ವರ್ಷಕ್ಕೆ ಶೇ 1ರಷ್ಟು ಕಳೆದುಕೊಂಡರೆ ಹತ್ತರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಶೇ 5 ಆಗಿಬಿಟ್ಟರೆ ಉಪಕರಣಕ್ಕೆ ಸಿಗುವುದು ಅರ್ಧ.

ಇಲ್ಲಿ ಒಂದು ವಿಚಿತ್ರ ಇದೆ. ಲಿಥಿಯಂ ಸಿಕ್ಕಿದ್ದರ ಜೊತೆಗೆಲ್ಲ ಸೇರಿಕೊಳ್ಳುವ ಲೋಹ. ಸೆಲ್‌ನಲ್ಲಿ ಅದು ಸದಾ ದ್ರಾವಣದಲ್ಲಿ, ಅಂದರೆ ಲಿಥಿಯಂ ಉಪ್ಪು ಕರಗಿಸಿದ ದ್ರವದಲ್ಲಿ, ನೆನೆಯುತ್ತಾ ಇರುತ್ತದೆ. ಹಾಗಿದ್ದೂ ಹತ್ತು ವರ್ಷ ಬಾಳುವುದು ಹೇಗೆ? ಮುಟ್ಟಿದ ಕೂಡಲೇ ದ್ರಾವಣದ ಜೊತೆ ಪ್ರತಿಕ್ರಿಯೆ ನಡೆದು ತಗಡಿನ ಮೇಲೆ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಆ ಪದರವೇ ಮುಂದಿನ ಪ್ರತಿಕ್ರಿಯೆಯನ್ನು ತಡೆಯುತ್ತದೆ. ಪದರ ಗಟ್ಟಿಯಾಗಿದ್ದರೆ ಸೋರಿಕೆ ಕಮ್ಮಿ. ಆದರೆ ಕೆಲಸಕ್ಕೆ ಕರೆದಾಗ ಲಿಥಿಯಂ ಅಯಾನು (ಎಲೆಕ್ಟ್ರಾನ್ ಬಿಟ್ಟುಕೊಟ್ಟ ಪರಮಾಣು) ಅದೇ ಪದರವನ್ನು ದಾಟಿ ಬರಬೇಕು. ಗಟ್ಟಿ ಪದರ ಅಡ್ಡಗೋಡೆಯಾಗುತ್ತದೆ. ಕಾಯುವುದೂ ಅದೇ, ಕಾಡುವುದೂ ಅದೇ.

ಈ ಆಟ ಅತಿ ಜೋರಾಗಿ ಕಾಣುವುದು ಮೀಟರ್‌ಗಳಲ್ಲಿ ಬಳಸುವ ಲಿಥಿಯಂ–ಥಯೋನಿಲ್ ಕ್ಲೋರೈಡ್ ಸೆಲ್‌ನಲ್ಲಿ. ಇದರಲ್ಲಿ ಪ್ಲಸ್ ಕಡೆಯ ರಾಸಾಯನಿಕ ಪುಡಿಯಲ್ಲ, ದ್ರವ. ಥಯೋನಿಲ್ ಕ್ಲೋರೈಡ್ ದ್ರಾವಕವೂ ಹೌದು, ಲಿಥಿಯಂ ಜೊತೆ ಪ್ರತಿಕ್ರಿಯೆ ನಡೆಸುವ ಮಾಲೂ ಹೌದು. ಪೆನ್ ಟಾರ್ಚಿಗೆ ಹಾಕುವ ಡಬಲ್ ಎ ಗಾತ್ರದಲ್ಲಿ 3.6 ವೋಲ್ಟ್, ಸುಮಾರು 2.4 ಆಂಪಿಯರ್-ಅವರ್. ಅದೇ ಗಾತ್ರದ ಆಲ್ಕಲೈನ್ ಸೆಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ. ತಗಡಿನ ಮೇಲೆ ಲಿಥಿಯಂ ಕ್ಲೋರೈಡ್ ಹರಳುಗಳ ಪದರ ಬೆಳೆಯುತ್ತದೆ. ಗೋಡೌನ್‌ನಲ್ಲಿ ಎರಡು ವರ್ಷ ಇಟ್ಟ ಸೆಲ್‌ಗೆ ಒಮ್ಮೆಲೇ ಲೋಡ್ ಕೊಟ್ಟರೆ, ಅಂದರೆ ಕರೆಂಟ್ ಎಳೆದರೆ, ವೋಲ್ಟೇಜ್ ಧಡ್ ಅಂತ ಬೀಳುತ್ತದೆ, ಪದರ ಒಡೆದ ಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಅಷ್ಟರಲ್ಲಿ ಮೀಟರಿನ ಚಿಪ್ ಸೆಲ್ ಸತ್ತಿದೆ ಅಂತ ತೀರ್ಮಾನಿಸಿ ರೀಸೆಟ್ ಆಗಿರುತ್ತದೆ.

ಪರಿಹಾರವಾಗಿ ದ್ರಾವಣಕ್ಕೆ ಬೇರೆ ಬೇರೆ ವಸ್ತು ಬೆರೆಸಿ ನೋಡಿದರು. ಹರಳು ಸಣ್ಣದಾಗಿಯೂ ಪದರ ತೆಳ್ಳಗೂ ಇರಬೇಕು, ಆದರೆ ಕಾವಲು ತಪ್ಪಬಾರದು. ಉಪಕರಣ ಜೋಡಿಸುವವರು ಇನ್ನೂ ಸರಳ ದಾರಿ ಹಿಡಿಯುತ್ತಾರೆ. ಸೆಲ್ ಕೂರಿಸುವ ಮೊದಲು ಸ್ವಲ್ಪ ಹೊತ್ತು ಲೋಡ್ ಕೊಟ್ಟು ಪದರ ಒಡೆದುಬಿಡುತ್ತಾರೆ. ಶನಿಯ ಚಂದ್ರ ಟೈಟಾನ್ ಮೇಲೆ ಇಳಿದ ಹ್ಯೂಗೆನ್ಸ್ ನೌಕೆಗೂ ಇದೇ ಮದ್ದು. ಅದರಲ್ಲಿದ್ದದ್ದು ಸೋದರ ಜಾತಿಯ ಲಿಥಿಯಂ–ಸಲ್ಫರ್ ಡೈಆಕ್ಸೈಡ್ ಬ್ಯಾಟರಿ. 1997ರ ಅಕ್ಟೋಬರ್‌ನಲ್ಲಿ ಭೂಮಿ ಬಿಟ್ಟದ್ದು, ಏಳು ವರ್ಷ ಹೆಚ್ಚೂಕಡಿಮೆ ಸುಮ್ನೆ ಕೂತು ಹೋಯಿತು. ಕೆಲಸಕ್ಕೆ ಮೊದಲು ಲೋಡ್ ಕೊಟ್ಟು ಪದರ ಬಿಡಿಸಿದರು. 2005ರ ಜನವರಿ 14ರಂದು ಕೆಲವು ಗಂಟೆಗಳ ಆ ಒಂದು ಕೆಲಸ ಮಾಡಿ ಮುಗಿಸಿತು.

ಮೂರು ವೋಲ್ಟ್ ತೋರಿಸುವ ಸತ್ತ ಸೆಲ್

ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ ವಾಚು ರಿಪೇರಿ ಮಾಡುವವರ ಪುಟ್ಟ ಅಂಗಡಿಯೊಂದರಲ್ಲಿ ಒಬ್ಬರು ಕಾರಿನ ರಿಮೋಟ್ ಹಿಡಿದು ವಾದಕ್ಕೆ ನಿಂತಿದ್ದರು. "ಮನೇಲಿ ಮಲ್ಟಿಮೀಟರ್ ಇಟ್ಟು ನೋಡಿದೀನಿ ಸ್ವಾಮಿ, ಸೆಲ್‌ನಲ್ಲಿ 2.9 ಇದೆ. ಹೋಗಿರೋದು ರಿಮೋಟೇ." ಅಂಗಡಿಯವರು ಮಾತಾಡಲಿಲ್ಲ. ಪ್ಲಾಸ್ಟಿಕ್ ಚಿಮಟದಲ್ಲಿ ಸೆಲ್ ಎತ್ತಿದರು. ಲೋಹದ ಚಿಮಟವಾದರೆ ಎರಡು ಮುಖಕ್ಕೂ ತಗುಲಿ ಶಾರ್ಟ್ ಆಗುತ್ತೆ, ಅದಕ್ಕೆ ಪ್ಲಾಸ್ಟಿಕ್. ಮೀಟರಿನ ಎರಡು ಕಡ್ಡಿಯ ನಡುವೆ ಒಂದು 220 ಓಮ್ ರೆಸಿಸ್ಟರ್ ಸೇರಿಸಿ ಹಿಡಿದರು. 2.9 ಇದ್ದದ್ದು ಸರಸರ ಇಳಿದು ಎರಡರ ಹತ್ತಿರ ಬಂತು. "ಈಗ ನೋಡಿ ಸಾರ್," ಅಂದರು. ಹೊಸ ಸೆಲ್ ಇಟ್ಟು ಹಾಗೇ ಮಾಡಿದರು. 2.8ರಲ್ಲಿ ನಿಂತಿತು.

ಮನೆ ಮೇಲಿನ ಟ್ಯಾಂಕ್ ಮತ್ತು ಪೈಪ್ ನೆನಪಿಸಿಕೊಳ್ಳಿ. ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ಪೈಪಿನೊಳಗೆ ಸುಣ್ಣ ಕಟ್ಟಿದ್ದರೆ ನಲ್ಲಿ ತಿರುಗಿಸಿದ ಮೇಲೆ ಬರುವುದು ಸಣ್ಣ ಧಾರೆ. ಟ್ಯಾಂಕಿನಲ್ಲಿ ನೀರು ಇದೆ, ಬಕೆಟ್ ಮಾತ್ರ ತುಂಬುವುದಿಲ್ಲ. ಬರಿಯ ಮಲ್ಟಿಮೀಟರ್ ಅಳೆಯುವುದು ನಲ್ಲಿ ಮುಚ್ಚಿದಾಗಿನ ಒತ್ತಡ.

ಆ ಸುಣ್ಣ ಕಟ್ಟಿದ ಪೈಪೇ ಸೆಲ್‌ನ ಒಳ ರೆಸಿಸ್ಟೆನ್ಸ್. ಹೊಸ ಸಿಆರ್2032ನಲ್ಲಿ ಅದು ಹತ್ತಿಪ್ಪತ್ತು ಓಮ್. ಬಳಸುತ್ತಾ ಹೋದಂತೆ ಏರುತ್ತದೆ. ರಿಮೋಟ್ ಸಿಗ್ನಲ್ ಬಿಡುವಾಗ 15 ಮಿಲಿಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 20 ಓಮ್ ಇದ್ದರೆ 0.3 ವೋಲ್ಟ್ ಒಳಗೇ ಕರಗುತ್ತದೆ, ಚಿಪ್‌ಗೆ ತೊಂದರೆಯಿಲ್ಲ. 80 ಓಮ್ ಆದರೆ 1.2 ವೋಲ್ಟ್ ಕರಗಿ ಚಿಪ್‌ಗೆ ಸಿಗುವುದು 1.8. ಅಲ್ಲಿಗೆ ರಿಮೋಟ್ ಸತ್ತಂತೆ. ಒಳಗೆ ಇನ್ನೂ ಸಾಕಷ್ಟು ಲಿಥಿಯಂ ಉಳಿದಿರಬಹುದು. ಉಪಯೋಗವಿಲ್ಲ.

ಪೊಟ್ಟಣದ ಮೇಲಿನ 225 ಎಂಎಎಚ್ ಕೂಡ 0.2 ಮಿಲಿಆಂಪಿಯರಿನಷ್ಟು ಸಣ್ಣ ಕರೆಂಟ್ ಎಳೆದಾಗಿನ ಮಾತು. ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. ಎಂಎಎಚ್ ಅಂಕಿಗೆ ಮರುಳಾಗಿ ಸೆಲ್ ಆರಿಸುವ ಇಂಜಿನಿಯರ್‌ಗಳು ಇವತ್ತಿಗೂ ಕಮ್ಮಿಯಿಲ್ಲ. ಒಳ ರೆಸಿಸ್ಟೆನ್ಸ್ ಎಷ್ಟು, ಅದು ಅರ್ಧ ಖಾಲಿಯಾದಾಗ ಎಷ್ಟು, ಚಳಿಯಲ್ಲಿ ಎಷ್ಟು ಅಂತ ಕೇಳುವವರು ಕಮ್ಮಿ.

ಬಿಲ್ಲೆಯ ಒಳಗೆ ಏನು ಬದಲಾಯಿಸಬಹುದು

ಸಿಆರ್ ಸೆಲ್‌ನ ಪ್ಲಸ್ ಕಡೆ ಮ್ಯಾಂಗನೀಸ್ ಡೈಆಕ್ಸೈಡ್ ಪುಡಿ ಒತ್ತಿ ಮಾಡಿದ ಕಪ್ಪು ಬಿಲ್ಲೆ ಇದೆ. ಜಪಾನಿನ ಸಾನ್ಯೊ ಕಂಪನಿ 1970ರ ದಶಕದ ನಡುವೆ ಇದನ್ನು ಮಾರುಕಟ್ಟೆಗೆ ತಂದಿತು. ಆ ಹೊತ್ತಿಗೆ ಮ್ಯಾಂಗನೀಸ್ ಡೈಆಕ್ಸೈಡ್ ಹಳೇ ಟಾರ್ಚ್ ಸೆಲ್‌ಗಳಲ್ಲಿ ಸವೆದು ಹೋದ ವಸ್ತು. ಹೊಸದೇನಿತ್ತು? ಒಣಗಿಸಿದ್ದು. ಈ ಪುಡಿ ತನ್ನ ಹರಳಿನೊಳಗೇ ನೀರು ಹಿಡಿದಿಟ್ಟುಕೊಳ್ಳುತ್ತದೆ. ಲಿಥಿಯಂಗೆ ನೀರು ಶತ್ರು. ಸುಮ್ನೆ ಬಿಸಿಲಿಗೆ ಹರಡಿದರೆ ಹೋಗುವ ನೀರಲ್ಲ ಅದು. 350–400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಹಾಗೆ ಕಾಯಿಸುವಾಗ ಹರಳಿನ ರಚನೆಯೂ ಬದಲಾಗುತ್ತದೆ. ಜಾಸ್ತಿ ಕಾಯಿಸಿದರೆ ಲಿಥಿಯಂ ನುಗ್ಗಲು ಬೇಕಾದ ಸಂದುಗಳು ಕಮ್ಮಿಯಾಗುತ್ತವೆ, ಕಮ್ಮಿ ಕಾಯಿಸಿದರೆ ನೀರು ಉಳಿದು ಅನಿಲ ಹುಟ್ಟಿ ಸೆಲ್ ಉಬ್ಬುತ್ತದೆ.

ನೀರಿನ ಈ ಭಯಕ್ಕೇ ಲಿಥಿಯಂ ಸೆಲ್ ಜೋಡಿಸುವ ಕೋಣೆಗಳಲ್ಲಿ ಗಾಳಿಯನ್ನು ಪೂರ್ತಿ ಒಣಗಿಸಿ ಬಿಡುತ್ತಾರೆ. ಮಳೆಗಾಲದಲ್ಲಿ ನಮ್ಮ ಮೈಸೂರಿನ ಗಾಳಿಯಲ್ಲಿ ತೆರೆದಿಟ್ಟ ಲಿಥಿಯಂ ತಗಡು ನೋಡನೋಡುತ್ತಿದ್ದಂತೆ ಹೊಳಪು ಕಳೆದುಕೊಂಡು ಕಪ್ಪಾಗುತ್ತದೆ.

ಮ್ಯಾಂಗನೀಸ್ ಡೈಆಕ್ಸೈಡ್‌ನಲ್ಲಿ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ. ಅದಕ್ಕೇ ಗ್ರಾಫೈಟ್ ಬೆರೆಸುತ್ತಾರೆ, ಪುಡಿ ಉದುರದಂತೆ ಸ್ವಲ್ಪ ಟೆಫ್ಲಾನ್. ಗ್ರಾಫೈಟ್ ಜಾಸ್ತಿ ಹಾಕಿದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಆದರೆ ಅಷ್ಟು ಜಾಗದಲ್ಲಿ ಅಸಲಿ ಮಾಲು ಕಮ್ಮಿ. ಬಿಲ್ಲೆಯನ್ನು ಬಿಗಿಯಾಗಿ ಒತ್ತಿದರೆ ಮಾಲು ಜಾಸ್ತಿ ಹಿಡಿಯುತ್ತದೆ, ಆದರೆ ದ್ರಾವಣ ಒಳಗೆ ಇಳಿಯಲು ರಂಧ್ರ ಸಾಲದು. ಯಾವ ಕಡೆ ಎಳೆದರೂ ಹೊದಿಕೆ ಇನ್ನೊಂದು ಕಡೆ ಗಿಡ್ಡ.

ದ್ರಾವಣದ್ದೂ ಅದೇ ಪಾಡು. ಪ್ರೊಪಿಲೀನ್ ಕಾರ್ಬೊನೇಟ್ ಅನ್ನುವ ದ್ರಾವಕ ಉಪ್ಪನ್ನು ಚೆನ್ನಾಗಿ ಕರಗಿಸುತ್ತದೆ, ಆದರೆ ಮಂದ. ಅಯಾನು ಅದರಲ್ಲಿ ಓಡುವುದಿಲ್ಲ, ತೆವಳುತ್ತದೆ, ಚಳಿಯಲ್ಲಂತೂ ಕೇಳಲೇಬೇಡಿ. ಡೈಮೆಥಾಕ್ಸಿಈಥೇನ್ ಅನ್ನುವ ಇನ್ನೊಂದು ದ್ರಾವಕ ತೆಳ್ಳಗಿದೆ. ಎರಡನ್ನೂ ಬೆರೆಸಿ, ಲಿಥಿಯಂ ಪರ್ಕ್ಲೋರೇಟ್ ಉಪ್ಪು ಹಾಕಿದರೆ ಹದವಾಗುತ್ತದೆ. ಆದರೆ ಎರಡನೆಯದು 85 ಡಿಗ್ರಿಗೇ ಕುದಿಯುತ್ತದೆ. ಟೈರಿನ ಒಳಗೆ ಕೂತು ಗಾಳಿಯ ಒತ್ತಡ ಅಳೆಯುವ ಸೆನ್ಸರ್‌ಗೆ ಇಂಥ ಸೆಲ್ ನಂಬಿಕೆಗೆ ಆಗುವುದಿಲ್ಲ. ಅದಕ್ಕೆ ಬೇಗ ಕುದಿಯದ ದ್ರಾವಕ ಬೇಕು. ಅಂಚಿನ ಪ್ಲಾಸ್ಟಿಕ್ ಸೀಲ್ ಕೂಡ ಸಾಮಾನ್ಯ ಪಾಲಿಪ್ರೊಪಿಲೀನ್ ಬದಲು ಶಾಖ ತಡೆಯುವ ಜಾತಿಯದ್ದಾಗಬೇಕು. ಹಾಗೆ ಮಾಡಿದ ಬಟನ್ ಸೆಲ್‌ಗಳು 125 ಡಿಗ್ರಿವರೆಗೂ ತಡೆಯುತ್ತವೆ. ನನ್ನ ಪ್ರಕಾರ ಸೀಲ್‌ಗೆ ಸಿಗಬೇಕಾದ ಮರ್ಯಾದೆ ಸಿಗುವುದೇ ಇಲ್ಲ. ಒಳಗೆ ಎಂಥ ರಸಾಯನಶಾಸ್ತ್ರ ಇದ್ದರೂ ಅಂಚಿನ ಆ ಕಪ್ಪು ಉಂಗುರದಲ್ಲಿ ಕೂದಲೆಳೆಯಷ್ಟು ಸಂದಿದ್ದರೆ ತೇವ ಒಳಗೆ, ದ್ರಾವಕ ಹೊರಗೆ. ಹತ್ತು ವರ್ಷದ ಸೆಲ್ ಮೂರು ವರ್ಷಕ್ಕೆ ಮುಗಿಯುತ್ತದೆ.

ಆಕಾರ ಬದಲಿಸಿದರೂ ಗುಣ ಬದಲಾಗುತ್ತದೆ. ಬಿಲ್ಲೆ ದಪ್ಪವಾಗಿದ್ದಷ್ಟೂ ಅಯಾನು ದೂರ ಸಾಗಬೇಕು. ಅದೇ ಮಾಲನ್ನು ತೆಳುವಾಗಿ ಹಾಳೆಯ ಮೇಲೆ ಬಳಿದು, ಲಿಥಿಯಂ ಹಾಳೆಯ ಜೊತೆ ಚಾಪೆ ಸುರುಳಿ ಸುತ್ತಿದಂತೆ ಸುತ್ತಿದರೆ ಎದುರುಬದುರು ನಿಲ್ಲುವ ಜಾಗ ಹಲವು ಪಟ್ಟು. ಕ್ಯಾಮೆರಾದ ಫ್ಲ್ಯಾಶ್‌ಗೆ ಬರುವ ಸಿಆರ್123ಎ ಹೀಗೆ ಸುತ್ತಿದ್ದು. ಕೇಳಿದರೆ ಆಂಪಿಯರ್ ಲೆಕ್ಕದಲ್ಲಿ ಕೊಡುತ್ತದೆ. ಆದರೆ ಸುತ್ತಿನಲ್ಲಿ ಲೋಹದ ಹಾಳೆ, ನಡುವಿನ ಪ್ಲಾಸ್ಟಿಕ್ ಹಾಳೆ ಎಲ್ಲ ಜಾಗ ತಿನ್ನುತ್ತವೆ. ಮೂಗಿಗಿಂತ ಮೂಗುತಿ ಭಾರ. ಸುತ್ತದೆ ಒಳಗೊಂದು ಒಂದೇ ದಪ್ಪ ಕಂಬ ನಿಲ್ಲಿಸಿದ ಸೆಲ್‌ನಲ್ಲಿ ಶಕ್ತಿ ಜಾಸ್ತಿ, ವೇಗ ಕಮ್ಮಿ. ಮೀಟರ್‌ಗೆ ಕಂಬದ್ದು, ಫ್ಲ್ಯಾಶ್‌ಗೆ ಸುತ್ತಿದ್ದು.

ಥಯೋನಿಲ್ ಕ್ಲೋರೈಡ್ ಸೆಲ್‌ನಲ್ಲಿ ಇನ್ನೊಂದು ತಮಾಷೆ. ಅಲ್ಲಿನ ಪ್ಲಸ್ ಕಡೆ ಇರುವುದು ರಂಧ್ರಮಯ ಇಂಗಾಲ. ಪ್ರತಿಕ್ರಿಯೆ ನಡೆದಂತೆ ಲಿಥಿಯಂ ಕ್ಲೋರೈಡ್ ಆ ರಂಧ್ರಗಳಲ್ಲೇ ಕೂರುತ್ತಾ ಹೋಗುತ್ತದೆ. ಲಿಥಿಯಂ ಇನ್ನೂ ಉಳಿದಿರುತ್ತದೆ, ದ್ರವವೂ ಇರುತ್ತದೆ, ಆದರೆ ರಂಧ್ರ ಮುಚ್ಚಿಹೋಗಿ ಸೆಲ್ ನಿಂತುಬಿಡುತ್ತದೆ. ಅಲ್ಲಿ ಸುಧಾರಣೆ ಅಂದರೆ ಲಿಥಿಯಂ ಸೇರಿಸುವುದಲ್ಲ, ಖಾಲಿ ಜಾಗವನ್ನು ಸರಿಯಾಗಿ ರೂಪಿಸುವುದು. ಯಾವ ಗಾತ್ರದ ರಂಧ್ರ, ಎಷ್ಟು, ಎಲ್ಲಿ ಅನ್ನುವುದರ ಮೇಲೆಯೇ ಎಷ್ಟೋ ಸಂಶೋಧನೆ ನಿಂತಿದೆ.

ಫ್ಲೋರಿನ್‌ನ ಆಸೆ

ಒಂದು ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಲೆಕ್ಕದ ಪ್ರಕಾರ 308 ಎಂಎಎಚ್ ಕೊಡಬಲ್ಲದು. ಇಂಗಾಲಕ್ಕೆ ಫ್ಲೋರಿನ್ ಸೇರಿಸಿ ಮಾಡಿದ ಕಾರ್ಬನ್ ಫ್ಲೋರೈಡ್ 865. ಸುಮಾರು ಮೂರು ಪಟ್ಟು! ಬಿಆರ್ ಅಂತ ಶುರುವಾಗುವ ಹೆಸರಿನ ಸೆಲ್‌ಗಳಲ್ಲಿ ಇದೇ ಇರುವುದು. ಗುರುಗ್ರಹದ ಚಂದ್ರ ಯೂರೋಪಾದ ಮೇಲೆ ನೌಕೆ ಇಳಿಸುವ ಯೋಚನೆಗೆ ನಾಸಾದವರು ನೆಚ್ಚಿಕೊಂಡದ್ದೂ ಇದನ್ನೇ.

ಹಾಗಾದರೆ ಎಲ್ಲ ಸೆಲ್‌ಗೂ ಇದನ್ನೇ ಯಾಕೆ ಹಾಕುವುದಿಲ್ಲ? ಬೆಲೆ ಒಂದು ಕಾರಣ. ಇನ್ನೊಂದು, ಫ್ಲೋರಿನ್ ಪೂರ್ತಿ ತುಂಬಿದ ಇಂಗಾಲದಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಶುರುವಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಸ್ವಲ್ಪ ಬಳಸಿದ ಮೇಲೆ ಪ್ರತಿಕ್ರಿಯೆಯಿಂದ ಬರಿಯ ಇಂಗಾಲ ಹುಟ್ಟಿ, ಅದೇ ದಾರಿಯಾಗಿ ಸೆಲ್ ಚೇತರಿಸಿಕೊಳ್ಳುತ್ತದೆ. ಜೋರಾಗಿ ಎಳೆದರೆ ಬಿಸಿಯಾಗುತ್ತದೆ, ಉಬ್ಬುತ್ತದೆ ಕೂಡ. ಇದಕ್ಕೆ ಮಾಡಿರುವ ಉಪಾಯಗಳಲ್ಲಿ ನನಗೆ ಹಿಡಿಸಿದ್ದು ಅತಿ ಸರಳವಾದದ್ದು: ಎರಡನ್ನೂ ಬೆರೆಸುವುದು. ಮ್ಯಾಂಗನೀಸ್ ಡೈಆಕ್ಸೈಡ್ ಶುರುವಿನ ಹೊಡೆತ ತಡೆದುಕೊಳ್ಳುತ್ತದೆ, ಕಾರ್ಬನ್ ಫ್ಲೋರೈಡ್ ಆಮೇಲೆ ದೂರದವರೆಗೆ ಎಳೆಯುತ್ತದೆ. ಫ್ಲೋರಿನ್ ಅನ್ನು ಪೂರ್ತಿ ತುಂಬದೆ ಸ್ವಲ್ಪ ಕಮ್ಮಿ ಬಿಡುವುದು ಇನ್ನೊಂದು ದಾರಿ. ಶೇಖರಣೆ ಸ್ವಲ್ಪ ಹೋಗುತ್ತದೆ, ವೇಗ ಬರುತ್ತದೆ.

ಎದೆಯೊಳಗಿನ ಸೆಲ್

ಈ ಇಡೀ ಕಥೆಯಲ್ಲಿ ಅತಿ ಜಾಣ ವಿನ್ಯಾಸ ಯಾವುದು ಅಂತ ಕೇಳಿದರೆ ನಾನು ಲಿಥಿಯಂ–ಅಯೊಡಿನ್ ಅನ್ನುತ್ತೇನೆ. ಅದಕ್ಕೆ ಮೊದಲು ಪೇಸ್‌ಮೇಕರ್‌ಗಳಲ್ಲಿ ಇದ್ದದ್ದು ಪಾದರಸದ ಸೆಲ್. ಎರಡು ವರ್ಷದ ಆಸುಪಾಸಿನಲ್ಲಿ ಖಾಲಿ, ಮತ್ತೆ ಎದೆ ಕೊಯ್ಯಬೇಕು. ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್ ಲಿಥಿಯಂ–ಅಯೊಡಿನ್ ಸೆಲ್ ಅನ್ನು ಪೇಸ್‌ಮೇಕರ್‌ಗೆ ಒಗ್ಗಿಸಿದರು. 1972ರಲ್ಲಿ ಇಟಲಿಯಲ್ಲಿ ಮೊದಲ ಸಲ ಮನುಷ್ಯನ ಮೈಯೊಳಗೆ ಹೋಯಿತು.

ಇದರಲ್ಲಿ ದ್ರಾವಣವೇ ಇಲ್ಲ. ನಡುವೆ ಇಡುವ ಹಾಳೆಯೂ ಇಲ್ಲ. ಲಿಥಿಯಂ ಲೋಹವನ್ನೂ ಅಯೊಡಿನ್ ಇರುವ ಮಿಶ್ರಣವನ್ನೂ ಒಂದಕ್ಕೊಂದು ತಾಗಿಸಿದ ಕೂಡಲೇ ನಡುವೆ ಲಿಥಿಯಂ ಅಯೊಡೈಡ್ ಪದರ ತಾನಾಗಿ ಕಟ್ಟಿಕೊಳ್ಳುತ್ತದೆ. ಬೇರೆಯವರು ಯಾವ ಪದರವನ್ನು ಕಾಟ ಅಂತ ಒಡೆಯಲು ಹೋಗುತ್ತಾರೋ ಅದನ್ನೇ ಇಲ್ಲಿ ಕೆಲಸಕ್ಕೆ ಹಚ್ಚಿದ್ದಾರೆ. ಅಯಾನು ದಾಟಿಸುವುದೂ ಅದೇ, ಎರಡೂ ಕಡೆಯನ್ನು ಬೇರೆ ಇಡುವುದೂ ಅದೇ. ಎಲ್ಲಾದರೂ ಬಿರುಕು ಬಿಟ್ಟರೆ ಆ ಜಾಗದಲ್ಲಿ ಮತ್ತೆ ಲಿಥಿಯಂ ಅಯೊಡೈಡ್ ಹುಟ್ಟಿ ಮುಚ್ಚಿಕೊಳ್ಳುತ್ತದೆ. ಬಳಸಿದಂತೆ ಪದರ ದಪ್ಪವಾಗುತ್ತದೆ, ರೆಸಿಸ್ಟೆನ್ಸ್ ನಿಧಾನಕ್ಕೆ ಏರುತ್ತದೆ. ಡಾಕ್ಟರ್ ತಪಾಸಣೆಯಲ್ಲಿ ಅದನ್ನು ಅಳೆದು, ಇನ್ನು ಬದಲಾಯಿಸೋಣ ಅಂತ ಮುಂಚೆಯೇ ಹೇಳಬಹುದು. ಸಾಯುವ ಮೊದಲು ತಿಳಿಸುವ ಬ್ಯಾಟರಿ ಇದು. ಮೀಟರಿನ ಥಯೋನಿಲ್ ಕ್ಲೋರೈಡ್ ಸೆಲ್‌ಗೆ ಈ ಗುಣ ಇಲ್ಲ. ಕೊನೆಯವರೆಗೂ 3.6 ಅಂತ ತೋರಿಸಿ ಒಮ್ಮೆಲೇ ಕೈಕೊಡುತ್ತದೆ.

ರೆಸಿಸ್ಟೆನ್ಸ್ ಜಾಸ್ತಿಯಾದ್ದರಿಂದ ಇದು ಕೊಡುವುದು ಮೈಕ್ರೊಆಂಪಿಯರ್ ಲೆಕ್ಕದಲ್ಲಿ ಮಾತ್ರ. ಹಳೇ ಪೇಸ್‌ಮೇಕರ್‌ಗೆ ಅಷ್ಟೇ ಸಾಕಿತ್ತು. ಈಗಿನವು ಆಸ್ಪತ್ರೆಯ ಯಂತ್ರದ ಜೊತೆ ರೇಡಿಯೊದಲ್ಲಿ ಮಾತಾಡುತ್ತವೆ. ಅದಕ್ಕೆ ಜಾಸ್ತಿ ಬೇಕು. ಆದ್ದರಿಂದ ಕಾರ್ಬನ್ ಫ್ಲೋರೈಡ್ ಜೊತೆಗೆ ಬೆಳ್ಳಿ–ವನೇಡಿಯಂ ಆಕ್ಸೈಡ್ ಬೆರೆಸಿದ ಸೆಲ್‌ಗಳು ಬಂದವು. ಒಂದು ಶೇಖರಣೆಗೆ, ಇನ್ನೊಂದು ಹೊಡೆತಕ್ಕೆ. ತಂತಿಯೇ ಇಲ್ಲದ, ನೇರ ಹೃದಯದೊಳಗೇ ಕೂರುವ ಪೇಸ್‌ಮೇಕರ್ ಈಗ ಇದೆ. ಸೆಲ್ ಸೇರಿ ತೂಕ ಎರಡು ಗ್ರಾಂ ಆಸುಪಾಸು.

ಸೆಲ್ ಮುಟ್ಟದೆ ಸೆಲ್ ಸುಧಾರಿಸುವುದು

ಬ್ಯಾಟರಿ ಬದಲಿಸದೆ ಅದರ ಆಯಸ್ಸು ಹೆಚ್ಚಿಸುವ ಅಗ್ಗದ ದಾರಿ ಸರ್ಕಿಟ್‌ನಲ್ಲಿದೆ. ಸೆಲ್ ಪಕ್ಕ ಒಂದು ಕೆಪಾಸಿಟರ್ ಇಡಿ, ಅಂದರೆ ಸ್ವಲ್ಪ ಚಾರ್ಜ್ ಕೂಡಿಟ್ಟುಕೊಂಡು ಕೇಳಿದಾಗ ಒಮ್ಮೆಲೇ ಬಿಡುವ ಸಣ್ಣ ಬಿಡಿಭಾಗ. ರೇಡಿಯೊ 2 ಮಿಲಿಸೆಕೆಂಡ್ ಹೊತ್ತು 15 ಮಿಲಿಆಂಪಿಯರ್ ಕೇಳಿದರೆ ಬೇಕಾಗುವ ಚಾರ್ಜ್ 30 ಮೈಕ್ರೊಕೂಲಂಬ್. 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದೇ ಅದನ್ನೆಲ್ಲ ಕೊಟ್ಟರೂ ಇಳಿಯುವುದು 0.3 ವೋಲ್ಟ್. ಸೆಲ್ ಎಷ್ಟೇ ಮುದಿಯಾಗಿರಲಿ, ಆಮೇಲೆ ನಿಧಾನಕ್ಕೆ ಕೆಪಾಸಿಟರ್ ತುಂಬಿಸಿದರೆ ಸಾಕು. ಹೊಡೆತ ಕೆಪಾಸಿಟರ್‌ಗೆ, ಸಂಬಳ ಸೆಲ್‌ನಿಂದ.

ಇಲ್ಲೂ ಎಚ್ಚರ ಬೇಕು. ನಮ್ಮ ಬಜೆಟ್ 2.5 ಮೈಕ್ರೊಆಂಪಿಯರ್ ಅಲ್ವಾ? ಅಗ್ಗದ ಕೆಪಾಸಿಟರ್ ತಾನೇ ಒಂದು ಮೈಕ್ರೊಆಂಪಿಯರ್ ಸೋರಿದರೆ ಬೇಲಿಯೇ ಹೊಲ ಮೇಯ್ದಂತೆ. ಗದ್ದೆಯ ತೇವ ಅಳೆಯುವ ಸೆನ್ಸರ್ ಮಾಡುವ ಕಾಲೇಜು ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ. ನಿಮಿಷಕ್ಕೊಮ್ಮೆ ಸಿಗ್ನಲ್ ಬಿಡುವ ಸೆನ್ಸರ್ ಬೇಕೇ ಬೇಕು ಅನ್ನುತ್ತಾರೆ. ಕಬ್ಬಿನ ಗದ್ದೆಯ ತೇವ ನಿಮಿಷಕ್ಕೊಮ್ಮೆ ಬದಲಾಗಲ್ಲ. ಗಂಟೆಗೊಮ್ಮೆ ಬಿಟ್ಟರೆ ರೇಡಿಯೊದ ಖರ್ಚು ಅರವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಯಾವ ಹೊಸ ರಾಸಾಯನಿಕವೂ ಅಷ್ಟು ಲಾಭ ತಂದುಕೊಡಲಾರದು.

ಮಕ್ಕಳ ಗಂಟಲು

20 ಮಿ.ಮೀ. ಅಗಲದ ಸೆಲ್ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರ. ಸೆಲ್ ಒಡೆದು ಸೋರಬೇಕಿಲ್ಲ. ಒದ್ದೆ ಮಾಂಸದ ಮೂಲಕ ಕರೆಂಟ್ ಹರಿದು ಮೈನಸ್ ಮುಖದ ಹತ್ತಿರ ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಅಂಗಾಂಶ ಸುಟ್ಟುಹೋಗಬಹುದು. ರಿಮೋಟ್‌ಗೆ ಆಗದ "ಸತ್ತ" ಸೆಲ್ ಕೂಡ ಇದನ್ನು ಮಾಡಬಲ್ಲದು. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಕ್ಕಿಸಲು ಹೋಗದೆ ಸೀದಾ ದೊಡ್ಡಾಸ್ಪತ್ರೆಗೆ ಓಡಿ, ಎಕ್ಸ್-ರೇ ತೆಗೆಸಿ.

ವಿನ್ಯಾಸದಲ್ಲಿ ಇದಕ್ಕೂ ಉತ್ತರ ಹುಡುಕುತ್ತಿದ್ದಾರೆ. ಕೆಲವು ಕಂಪನಿಗಳು ಸೆಲ್ ಮೇಲೆ ಬಾಯಿಗಿಡಲಾಗದಷ್ಟು ಕಹಿ ಲೇಪ ಹಚ್ಚುತ್ತವೆ. ಅಮೆರಿಕ 2022ರಲ್ಲಿ ಇದಕ್ಕೆಂದೇ ಕಾನೂನು ತಂದಿತು, ಮಕ್ಕಳು ಬಿಚ್ಚಲಾಗದ ಮುಚ್ಚಳ ಕಡ್ಡಾಯ. 2014ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದ ಉಪಾಯ ಇನ್ನೂ ಚೆನ್ನಾಗಿದೆ: ಒತ್ತಿದಾಗ ಮಾತ್ರ ಕರೆಂಟ್ ಬಿಡುವ ಲೇಪ. ರಿಮೋಟ್‌ನೊಳಗೆ ಸ್ಪ್ರಿಂಗ್ ಒತ್ತುತ್ತದೆ, ಸೆಲ್ ಕೆಲಸ ಮಾಡುತ್ತದೆ. ಗಂಟಲಿನಲ್ಲಿ ಅಷ್ಟು ಒತ್ತಡ ಇರುವುದಿಲ್ಲ, ಸೆಲ್ ಸುಮ್ನಿರುತ್ತದೆ. ಇಂಥ ಲೇಪ ಎಲ್ಲ ಬಟನ್ ಸೆಲ್‌ಗೂ ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಂಎಎಚ್ ಹತ್ತು ಕಮ್ಮಿಯಾದರೂ ಚಿಂತೆಯಿಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಸ್ವಲ್ಪ ಇದೆ. ಬಿಡಿಬಿಡಿಯಾಗಿ ಸಿಗುವ ಸೆಲ್ ಬದಲು ಒಂದೊಂದೂ ಬೇರೆ ಬೇರೆ ಗುಳಿಯಲ್ಲಿ ಪ್ಯಾಕ್ ಆಗಿರುವುದನ್ನೇ ತಗೊಳ್ಳಿ, ಹಿಂದೆ ತಾರೀಖು ನೋಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಶಾಖಕ್ಕೆ ಸೋರಿಕೆ ಜಾಸ್ತಿ. ಹಳೇ ಸೆಲ್‌ಗಳನ್ನು ಡಬ್ಬಿಯಲ್ಲಿ ಒಂದರ ಮೇಲೊಂದು ಹಾಕಿದರೆ ಒಂದಕ್ಕೊಂದು ತಗುಲಿ ಬಿಸಿಯಾಗುತ್ತವೆ. ತೆಗೆದ ಕೂಡಲೇ ಎರಡೂ ಮುಖಕ್ಕೆ ಸೆಲ್ಲೊಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಈ ಸಣ್ಣ ಸೆಲ್‌ಗಳಿಗೂ ಅನ್ವಯಿಸುತ್ತವೆ. ಹಸಿ ಕಸ ಒಣ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.